ಅರಬ್ಬೀ ಸಮುದ್ರದ ಸ್ಥಾಪಕರು

ಕೆದ್ಲಾಯರು ಹೊಸ ಯಂತ್ರಕ್ಕೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದಾಗ ಸುಗುಣಾ ಕುಂದರ್ ಮೊದಲು ನೋಡಿಕೊಂಡದ್ದು ಬಾಗಿಲು ಎಷ್ಟು ದೂರ ಇದೆ ಎಂದು. ಅವಳದ್ದೇನೂ ತಪ್ಪಿಲ್ಲ ಬಿಡಿ. ಸಮುದ್ರದ ನೀರಿನಿಂದ ಉಪ್ಪು ಹೀರಬೇಕಾಗಿದ್ದ ಅವರ ಹಿಂದಿನ ಯಂತ್ರ ದಾರಿ ತಪ್ಪಿ ಕ್ಯಾಂಟೀನಿಗೆ ನುಗ್ಗಿ, ಸಾಂಬಾರು, ಉಪ್ಪಿನಕಾಯಿ, ಕೊನೆಗೆ ಅಡುಗೆಯವರ ಬೆವರಿನಿಂದಲೂ ಉಪ್ಪು ಹೀರಿ, ಇಡೀ ಸಂಶೋಧನಾಲಯಕ್ಕೆ ವಾರಗಟ್ಟಲೆ ಸಪ್ಪೆ ಊಟ ಹಾಕಿಸಿತ್ತು! ಅದಕ್ಕೂ ಹಿಂದಿನದು ಒಂದು ಬಂಗುಡೆ ಮೀನಿನ ಬೆನ್ನು ಹತ್ತಿ ಕಡಲಿಗೆ ಹಾರಿದ್ದು ಈವರೆಗೆ ವಾಪಸು ಬಂದಿಲ್ಲ.

"ಇದು ಹಾಗಲ್ಲ" ಎಂದರು ಕೆದ್ಲಾಯರು, ಯಾರೂ ಏನೂ ಕೇಳುವ ಮೊದಲೇ.

ಗ್ರೈಂಡರಿನ ಹೊಟ್ಟೆ. ಅದರ ಮೇಲೆ ಟೇಬಲ್ ಫ್ಯಾನಿನ ಕುತ್ತಿಗೆ. ಕುತ್ತಿಗೆಯ ತುದಿಗೆ ಒಂದು ಕ್ಯಾಮರಾ, ಒಂದು ಮೈಕು, ಒಂದು ಸ್ಪೀಕರು. ಪಕ್ಕದಿಂದ ಚಾಚಿಕೊಂಡ ಒಂದು ಕಬ್ಬಿಣದ ಕೈ. ಆ ಕೈಯನ್ನು ಸುಗುಣಾ ಕಂಡ ಕೂಡಲೇ ಗುರುತಿಸಿದಳು. ಕಡಲ ತಳದಲ್ಲಿ ಕಲ್ಲು ಹೆಕ್ಕಲೆಂದು ಅವಳೇ ತರಿಸಿದ್ದ ಕೈ ಅದು. ಸ್ಟೋರಿನಿಂದ ಕಾಣೆಯಾಯಿತೆಂದು ಹೋದ ತಿಂಗಳಿಡೀ ಹುಡುಕಿ ಸುಸ್ತಾಗಿದ್ದಳು.

ಯಂತ್ರದ ಹೆಸರು ಪರಿಚಯಿ. ಸಂಶೋಧನಾಲಯದ ವೆಬ್‌ಸೈಟನ್ನು ಇನ್ನು ಮುಂದೆ ಅದೇ ಬರೆಯುತ್ತದಂತೆ. ಒಬ್ಬೊಬ್ಬರಾಗಿ ಎದುರಿಗೆ ಕೂತು ಮಾತಾಡಿದರೆ ಸಾಕು. ಅದು ಕೇಳಿ, ಫೋಟೋ ತೆಗೆದು, ಯಾರು ಯಾರು ಏನೇನು ಕೆಲಸ ಮಾಡಿದ್ದಾರೆಂದು ತಾನೇ ಬರೆದು ಹಾಕುತ್ತದೆ. ಆಡಿದ ಮಾತಿನ ಒಂದಕ್ಷರವೂ ಆಚೀಚೆ ಆಗುವುದಿಲ್ಲ ಎಂದು ಕೆದ್ಲಾಯರು ಎದೆ ತಟ್ಟಿ ಹೇಳಿದರು. ಅಲ್ಲಿಯೇ ಎಡವಟ್ಟಾದದ್ದು. ಆದರೆ ಆ ಹೊತ್ತಿಗೆ ಅದು ಯಾರಿಗೂ ಹೊಳೆಯಲಿಲ್ಲ.

ಮಲ್ಪೆ ಬಂದರಿನಿಂದ ತುಸು ಉತ್ತರಕ್ಕೆ, ಹಿಂದೆ ಐಸ್ ಪ್ಲಾಂಟ್ ಆಗಿದ್ದ ಹಳೆಯ ಕಟ್ಟಡದಲ್ಲಿ ಈ ಪಡುಗಡಲು ಆಳಸಮುದ್ರ ಸಂಶೋಧನಾಲಯ ಇರುವುದು. ಕೆಲಸ ಬೆಟ್ಟದಷ್ಟು, ಜನ ಬೆರಳೆಣಿಕೆಯಷ್ಟು. ವೆಬ್‌ಸೈಟೊಂದು ಮೊದಲಿನಿಂದಲೂ ಇತ್ತು ಎನ್ನಿ. ಅದನ್ನು ತೆರೆದರೆ ನೀರಿನಿಂದ ಮೇಲಕ್ಕೆ ಜಿಗಿಯುವ ಒಂದು ಡಾಲ್ಫಿನ್. ಆಳಸಮುದ್ರಕ್ಕೂ ಡಾಲ್ಫಿನ್ನಿಗೂ ಎಂತ ಸಂಬಂಧವೋ ಆ ದೇವರಿಗೇ ಗೊತ್ತು! ಅದರ ಕೆಳಗೆ 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಸಾಲು ವರ್ಷಗಳಿಂದ ಬಲದಿಂದ ಎಡಕ್ಕೆ ಓಡುತ್ತಲೇ ಇತ್ತು. ಅದಕ್ಕೂ ಸುಸ್ತಾಗಿರಬೇಕು, ಪಾಪ.

ಈಗ ಅದರಲ್ಲೇ ಸುಧಾರಿಸಿಕೊಂಡು ಹೋಗುವ ಹಾಗಿರಲಿಲ್ಲ. ಮಳೆಗಾಲ ಕಳೆದ ಮೇಲೆ ಸಂಶೋಧನೆಯ ಹಡಗು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವ ದಿಲ್ಲಿಯ ಸಮಿತಿ ಈ ಸಲ ಹೊಸ ಕ್ರಮ ಮಾಡಿತ್ತು. ಸಮಿತಿಯ ಅಧ್ಯಕ್ಷೆ ಡಾ. ರುಕ್ಮಿಣಿ ಸೆಟ್ಲೂರ್ ಎಂಬವರು ಫೋನು ಮಾಡಿ, ನಾವು ಊರೂರು ತಿರುಗಿ ಗೋಡಂಬಿ ತಿಂದು ಚಹಾ ಕುಡಿಯುವುದನ್ನು ಬಿಟ್ಟಿದ್ದೇವೆ, ಬರುವ ಸೋಮವಾರ ಎಲ್ಲರ ವೆಬ್‌ಸೈಟ್ ತೆರೆದು ನೋಡುತ್ತೇವೆ, ಕೆಲಸವೂ ಜನವೂ ಅಲ್ಲಿ ಕಾಣಬೇಕು, ಕಾಣದಿದ್ದರೆ ಹಡಗು ಬೇರೆಯವರಿಗೆ ಎಂದಿದ್ದರು.

ಹಡಗು ಬರದಿದ್ದರೆ ಉಳಿದವರಿಗೆ ಒಂದು ವರ್ಷ ಹಾಳು, ಅಷ್ಟೇ. ಸುಗುಣಾಳಿಗೆ ಹಾಗಲ್ಲ. ಅವಳ ಮುಳುಗಪ್ಪ ಕಡಲ ತಳದಲ್ಲಿ ಕೂತಿದ್ದ.

ಮುಳುಗಪ್ಪ ಅವಳು ಕಟ್ಟಿದ ರೋಬೋಟ್. ದಡದಿಂದ ಬಹುದೂರ, ಎರಡು ಕಿಲೋಮೀಟರ್ ಆಳದಲ್ಲಿ, ಬಿಸಿಲೆಂಬುದು ಹುಟ್ಟಿದಂದಿನಿಂದ ಮುಟ್ಟದ ಒಂದು ಕೆಸರಿನ ಬಯಲಿದೆ. ಆ ಕೆಸರಿನಿಂದ ಗುಳುಗುಳು ಎಂದು ಅನಿಲ ಒಸರುತ್ತದೆ. ಅದನ್ನೇ ಉಂಡು ಬದುಕುವ ಬಿಳಿ ಮರುವಾಯಿಗಳು, ಅಂದರೆ ಚಿಪ್ಪಿನ ಜೀವಿಗಳು, ಅಲ್ಲಿ ಸಂಸಾರ ಹೂಡಿವೆ. ಅವನ್ನು ನೋಡುತ್ತಾ ಕೂತಿರು ಎಂದು ಹೋದ ವರ್ಷ ಮುಳುಗಪ್ಪನನ್ನು ಇಳಿಸಿ ಬಂದಿದ್ದಳು. ಅವನು ಆಗಾಗ ಶಬ್ದದ ಮೂಲಕ 'ಇದ್ದೇನೆ' ಎಂಬಷ್ಟು ಮಾತ್ರ ತಿಳಿಸಬಲ್ಲ. ತೆಗೆದ ಚಿತ್ರಗಳೆಲ್ಲ ಅವನ ಹೊಟ್ಟೆಯಲ್ಲೇ ಇವೆ. ಮೇಲೆ ಬರಬೇಕಾದರೆ ಹಡಗು ಹೋಗಿ ಎತ್ತಬೇಕು. ಈ ವರ್ಷ ಎತ್ತದಿದ್ದರೆ ಬ್ಯಾಟರಿ ಸತ್ತು ಅವನು ಅಲ್ಲಿಯೇ ಖಾಯಂ.

ಹಾಗಾಗಿ ಕೆದ್ಲಾಯರ ಯಂತ್ರವೆಂದರೆ ಮಾರು ದೂರ ಓಡುವ ಅವಳು ಕೂಡ ಆ ಶುಕ್ರವಾರ ತೆಪ್ಪಗೆ ಸಾಲಿನಲ್ಲಿ ನಿಂತಳು.

ಮೊದಲು ಕೂತವರು ನಿರ್ದೇಶಕರಾದ ಸೋಮಯಾಜಿಯವರು. ಕಬ್ಬಿಣದ ಕೈ ಬಂದು ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿತು. ಕಲ್ಲು ಹೆಕ್ಕಿ ಅಭ್ಯಾಸವಿದ್ದ ಕೈ ನೋಡಿ; ಸೋಮಯಾಜಿಯವರ ಕಣ್ಣಲ್ಲಿ ನೀರು ಬಂತು. ರೈಲ್ವೆ ಸ್ಟೇಷನ್ನಿನ ಸ್ವರದಲ್ಲಿ ಯಂತ್ರ ಕೇಳಿತು:

"ತಾವು ಮಾಡಿದ ಕೆಲಸ?"

ಸೋಮಯಾಜಿಯವರು ಕೈ ಮುಗಿದು ನಕ್ಕರು. "ನನ್ನದೇನುಂಟು ಇದರಲ್ಲಿ? ಎಲ್ಲ ನಮ್ಮ ಗುರುಗಳು, ದಿವಂಗತ ಐತಾಳರ ಆಶೀರ್ವಾದ" ಎಂದು ಹೇಳಿ, ಕಾದರು.

"ಸರಿ. ಮುಂದಿನವರು" ಎಂದಿತು ಯಂತ್ರ.

ಸೋಮಯಾಜಿಯವರು ಇನ್ನೂ ಕಾಯುತ್ತಲೇ ಇದ್ದರು. ಏನಕ್ಕೆ ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಬ್ಬರು 'ನನ್ನದೇನಿಲ್ಲ' ಎಂದರೆ ಎದುರಿನವರು 'ಛೆ ಛೆ, ಹಾಗನ್ನಬೇಡಿ' ಎನ್ನಬೇಕು. ಆಗ ಮೊದಲಿನವರು 'ಏನೋ ಸ್ವಲ್ಪ' ಎನ್ನಬೇಕು. ಎದುರಿನವರು 'ಸ್ವಲ್ಪವಾ? ನೀವಿಲ್ಲದಿದ್ದರೆ ಆಗುತ್ತಿತ್ತಾ?' ಎನ್ನಬೇಕು. ಹೀಗೆ ಎರಡು ಕಡೆಯಿಂದ ಹಗ್ಗ ಎಳೆದೂ ಎಳೆದೂ ಕೊನೆಗೆ ನಿಜ ಹೊರಬರುತ್ತದೆ. ಯಂತ್ರಕ್ಕೆ ತನ್ನ ಸರದಿ ಯಾವುದು ಎಂದೇ ಗೊತ್ತಿರಲಿಲ್ಲ.

ಆಮೇಲೆ ದೂಮಣ್ಣ ಸಾಲಿಯಾನ್ ಕೂತ. ಹಡಗಿನಲ್ಲಿ ಹಗ್ಗ ಸುತ್ತುವ ವಿಂಚ್ ನಡೆಸಿ, ಉದ್ದುದ್ದ ಹಗ್ಗದ ತುದಿಯಲ್ಲಿ ಯಂತ್ರಗಳನ್ನು ಇಳಿಸಿ ಎತ್ತುವವನು ಅವನೇ. ನಾನೆಂತ ಮಾಡಿದ್ದು, ಹಗ್ಗ ಎಳೆಯಲಿಕ್ಕೆ ಯಾರಿಗೂ ಆಗ್ತದೆ ಎಂದ. ಸರಿ, ಮುಂದಿನವರು. ಸುಗುಣಾಳ ಬಾಯಿಂದಲೂ ರೂಢಿಯ ಮಾತೇ ಬಂತು: ಕೆಲಸ ಎಲ್ಲ ಮುಳುಗಪ್ಪನದ್ದು, ನಾನು ದಡದಲ್ಲಿ ಕೂತು ನೋಡುವುದಷ್ಟೇ. ಸರಿ, ಮುಂದಿನವರು! ಕೊನೆಗೆ ಸ್ವತಃ ಕೆದ್ಲಾಯರು ಕೂತು, ತಾವು ಹಡೆದ ಯಂತ್ರದ ಎದುರಿಗೇ ನಾಚಿಕೊಂಡು, ಏನೋ ಹೊತ್ತು ಹೋಗಲಿಕ್ಕೆ ಗೀಚುತ್ತಾ ಇರ್ತೇನೆ ಎಂದರು.

ಚಹಾ ಕುಡಿದು ಬರುವಷ್ಟರಲ್ಲಿ ವೆಬ್‌ಸೈಟ್ ತಯಾರಾಗಿತ್ತು. 'ನಮ್ಮ ತಂಡ' ಎಂಬಲ್ಲಿ ಎಲ್ಲರಿಗಿಂತ ಮೇಲೆ ದಿವಂಗತ ಐತಾಳರು. ಈಗಿನ ಕೆಲಸ, ಆಶೀರ್ವಾದ. ಅವರ ಕೆಳಗೆ ಸೋಮಯಾಜಿ, ಕಣ್ಣಲ್ಲಿ ನೀರು ತುಂಬಿದ ಫೋಟೋ ಸಮೇತ; ಕೆಲಸ, ಏನೂ ಇಲ್ಲ. ದೂಮಣ್ಣ ಸಾಲಿಯಾನ್: ಯಾರಿಗೂ ಆಗುವಂಥ ಕೆಲಸ. ಸುಗುಣಾ ಕುಂದರ್: ದಡದಲ್ಲಿ ಕೂತು ನೋಡುವುದು. ಕೆದ್ಲಾಯ: ಹೊತ್ತು ಕಳೆಯಲು ಗೀಚುವುದು.

ಸೋಮಯಾಜಿಯವರು ಕೆಂಡಾಮಂಡಲವಾದರು. ಇದನ್ನು ನೋಡಿದರೆ ಸಮಿತಿಯವರು ಹಡಗು ಕೊಡುವುದಿರಲಿ, ಕಟ್ಟಡವನ್ನೇ ಐಸ್ ಪ್ಲಾಂಟಿನವರಿಗೆ ವಾಪಸು ಕೊಡುತ್ತಾರೆ ಎಂದು ಕೂಗಾಡಿದರು. ಯಂತ್ರ ನೀವು ಹೇಳಿದ್ದನ್ನೇ ಬರೆದಿದೆ, ಸುಳ್ಳು ಹೇಳಿದವರು ನೀವು ಎಂದು ಕೆದ್ಲಾಯರು ವಾದಿಸಿದರು. ಹಾಗಾದರೆ ನೀವು ಗೀಚುವವರೋ ಎಂದು ಸೋಮಯಾಜಿಯವರು ಕೇಳಿದರು. ಕೆದ್ಲಾಯರಿಗೆ ಸಿಟ್ಟು ಬಂತು.

ಯಂತ್ರ ಬೇಡ, ನಮ್ಮ ನಮ್ಮ ಬಗ್ಗೆ ನಾವೇ ನಾಲ್ಕು ಸಾಲು ಬರೆಯೋಣ ಎಂದಳು ಸುಗುಣಾ. ಎಲ್ಲರೂ ಹಾಳೆ ಹಿಡಿದು ಕೂತರು. ಎಷ್ಟು ಹೊತ್ತಾದರೂ ಒಬ್ಬರ ಪೆನ್ನೂ ಅಲ್ಲಾಡಲಿಲ್ಲ. ನಿಮ್ಮದನ್ನು ನಾನು ಬರೀತೇನೆ, ನನ್ನದನ್ನು ನೀವು ಬರೆಯಿರಿ ಎಂದು ಚೌಕಾಸಿ ಸುರುವಾಯಿತು. ಸುಗುಣಾ ತನ್ನ ಹಾಳೆಯಲ್ಲಿ 'ನಾನು' ಎಂದು ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಚಿಕ್ಕಂದಿನಲ್ಲಿ ಬಹುಮಾನ ತಂದಾಗಲೆಲ್ಲ ಅವಳ ಅಮ್ಮ ನೆರೆಮನೆಯವರೆದುರು, ಇವಳಿಗೆಂತ ಗೊತ್ತುಂಟು, ಏನೋ ಅದೃಷ್ಟ ಎನ್ನುತ್ತಿದ್ದರು. ದೃಷ್ಟಿಯಾದೀತೆಂಬ ಹೆದರಿಕೆ ಅವರಿಗೆ. ಆ ಹೆದರಿಕೆ ಮಗಳ ಪೆನ್ನಿಗೂ ಹತ್ತಿತ್ತು.

"ಬಿಡಿ, ಯಂತ್ರಕ್ಕೆ ನಾನೇ ಮರ್ಯಾದೆ ಕಲಿಸ್ತೇನೆ" ಎಂದರು ಕೆದ್ಲಾಯರು.

ಮರುದಿನ ಅವರ ನೆಂಟರ ಮನೆಯಲ್ಲಿ ಒಂದು ಉಪನಯನ. ಪರಿಚಯಿಯ ಕುತ್ತಿಗೆಯನ್ನು ಬಿಚ್ಚಿ ಜೋಳಿಗೆಯಲ್ಲಿ ಹಾಕಿಕೊಂಡು ಹೋಗಿ, ಊಟದ ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡು, ಬಡಿಸುವವರನ್ನು ನೋಡಿ ಕಲಿ ಎಂದರು. ಯಂತ್ರ ಪಾಯಸ ಬಡಿಸುವುದನ್ನು ಕಣ್ಣಿಟ್ಟು ನೋಡಿತು. ಸಾಕು ಎಂದವರಿಗೆ ಇನ್ನೊಂದು ಸೌಟು. ಬೇಡವೇ ಬೇಡ ಎಂದವರಿಗೆ ಎರಡು ಸೌಟು. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ನಿಲ್ಲಿಸುವುದು, ಅದೂ ಬೆರಳ ಸಂದಿನಿಂದ ಅರ್ಧ ಸೌಟು ಇಳಿಸಿದ ಮೇಲೆ! ಒಮ್ಮೆ ಎಲೆಗೆ ಬಿದ್ದದ್ದನ್ನು ವಾಪಸು ತೆಗೆಯುವ ಪದ್ಧತಿಯಂತೂ ಇಲ್ಲವೇ ಇಲ್ಲ. ಉಪಚಾರವೆಂದರೆ ಇದು ಎಂದು ಯಂತ್ರ ಮನದಟ್ಟು ಮಾಡಿಕೊಂಡಿತು.

ಭಾನುವಾರ ಎಲ್ಲರನ್ನೂ ಮತ್ತೆ ಕರೆಸಿದರು. ಸೋಮಯಾಜಿಯವರು ಗಲ್ಲಕ್ಕೆ ಕೈ ಅಡ್ಡ ಕೊಟ್ಟುಕೊಂಡೇ ಕೂತು, ನನ್ನದೇನುಂಟು ಎಂದರು.

"ಛೆ ಛೆ, ಹಾಗನ್ನಬೇಡಿ" ಎಂದಿತು ಯಂತ್ರ.

ಸೋಮಯಾಜಿಯವರ ಮುಖ ಅರಳಿತು. ಏನೋ ಸ್ವಲ್ಪ ಎಂದರು. ಸ್ವಲ್ಪವೇ, ತಾವು ಈ ಸಂಶೋಧನಾಲಯದ ಸ್ಥಾಪಕರು ಎಂದಿತು ಯಂತ್ರ. ಅಯ್ಯೋ, ಸ್ಥಾಪಕರು ಐತಾಳರು, ನಾನಲ್ಲ ಎಂದರು. ಹಾಗನ್ನಬೇಡಿ, ತಾವು ಪಶ್ಚಿಮ ಕರಾವಳಿಯ ಸ್ಥಾಪಕರು. ಬೇಡ, ಅಷ್ಟೆಲ್ಲ ಬೇಡ ಎಂದು ಇವರು ಗಾಬರಿಯಾದರು. ತಾವು ಅರಬ್ಬೀ ಸಮುದ್ರದ ಸ್ಥಾಪಕರು! ಅವರು ಎದ್ದೇಬಿಟ್ಟರು. ಅತಿಥಿ ಅರ್ಧದಲ್ಲಿ ಎದ್ದರೆಂದರೆ ಉಪಚಾರ ಸಾಲಲಿಲ್ಲ ಎಂದೇ ಅರ್ಥ ತಾನೇ? ಯಂತ್ರ ಹಿಂದೂ ಮಹಾಸಾಗರವನ್ನೂ ಅವರ ಹೆಸರಿಗೆ ಬರೆಯಿತು.

ದೂಮಣ್ಣ ಒಂದೇ ಎಳೆತಕ್ಕೆ ಕಡಲ ತಳವನ್ನು ಮೇಲೆತ್ತಿ, ಒಣಗಿಸಿ, ಮತ್ತೆ ಹಾಸಿದವನಾದ. ಅವನು ನಗು ತಡೆಯಲಾರದೆ ಹೊರಗೆ ಓಡಿದ. ಸುಗುಣಾ ಎಚ್ಚರಿಕೆಯಿಂದ, ಮುಳುಗಪ್ಪ ಇರುವುದು ಎರಡು ಕಿಲೋಮೀಟರ್ ಆಳದಲ್ಲಿ ಎಂದು ಹೇಳಿ ನಿಲ್ಲಿಸಬಹುದಿತ್ತು. ಹಾಳು ಅಭ್ಯಾಸ ಬಿಡಬೇಕಲ್ಲ! "ಅಂಥ ಆಳವೇನಲ್ಲ" ಎಂದು ಸೇರಿಸಿದಳು. ಛೆ ಛೆ ಎಂದು ಆಳ ಇಪ್ಪತ್ತಾಯಿತು. ಇಲ್ಲ ಇಲ್ಲ ಎಂದಳು, ಇನ್ನೂರಾಯಿತು. ಅವಳು ಬೇಡ ಎಂದಷ್ಟೂ ಆಳ ಇಳಿದು ಇಳಿದು, ಭೂಮಿಯ ಹೊಟ್ಟೆ ದಾಟಿ, ಮುಳುಗಪ್ಪ ಆಚೆ ಬದಿಯಿಂದ ಆಕಾಶಕ್ಕೆ ಹೊರಬಂದ! ವೆಬ್‌ಸೈಟಿನಲ್ಲಿ ಅದಕ್ಕೊಂದು ನಕ್ಷೆಯೂ ಬಂತು, ಬಾಣದ ಗುರುತಿನ ಸಮೇತ. ಬೆರಳುದ್ದದ ಬಿಳಿ ಮರುವಾಯಿ ಒಂದೊಂದೂ ಉಡುಪಿ ಬಸ್ಸಿನಷ್ಟಾಗಿತ್ತು.

ಕೆದ್ಲಾಯರು ಅಳಿಸಲು ಹೋದರು. ಯಂತ್ರಕ್ಕೆ ಅದೂ ವಿನಯವಾಗಿಯೇ ಕಂಡಿತು. ಛೆ ಛೆ ಎಂದು, ಅಳಿಸಿದ್ದನ್ನು ದುಪ್ಪಟ್ಟು ಮಾಡಿ ಮತ್ತೆ ಬಡಿಸಿತು. ಎರಡೂ ಕೈಯನ್ನು ಮೈಕಿಗೆ ಅಡ್ಡ ಹಿಡಿದರೆ ಹೆಚ್ಚುವುದು ನಿಲ್ಲುತ್ತಿತ್ತು, ಹೆಚ್ಚಾದದ್ದು ಕಡಿಮೆಯಾಗುತ್ತಿರಲಿಲ್ಲ. ಎಲೆಗೆ ಬಿದ್ದದ್ದಲ್ಲವೇ!

ಸ್ವಿಚ್ ಆಫ್ ಮಾಡಿ ಎಂದು ಸುಗುಣಾ ಹೇಳಿದಳು. ಕೆದ್ಲಾಯರು ತಲೆ ಕೆರೆದುಕೊಂಡರು.

"ಸ್ವಿಚ್ ಇಲ್ಲ ಮಾರಾಯ್ರೆ."

"ಇಲ್ಲ ಅಂದರೆ ಎಂತ?"

"ನಾವು ಮಾಡುವ ಯಾವ ಯಂತ್ರಕ್ಕೆ ಸ್ವಿಚ್ ಉಂಟು ಹೇಳಿ? ಕಡಲ ತಳದಲ್ಲಿ ಒತ್ತಲಿಕ್ಕೆ ಯಾರಿರ್ತಾರೆ?"

ಮಾತು ನಿಜವೇ. ಆ ಸಂಶೋಧನಾಲಯದವರು ಏನು ಮಾಡಿದರೂ ಹಾಗೆಯೇ ಮಾಡುವುದು: ಬ್ಯಾಟರಿ ವರ್ಷ ಬಾಳುವಂಥದ್ದು, ಪೆಟ್ಟಿಗೆ ಒಂದು ಹನಿ ನೀರೂ ಹೋಗದ ಹಾಗೆ ಬೆಸೆದದ್ದು. ಕುತ್ತಿಗೆ ಬಿಚ್ಚಲು ಹೋದರೆ ಈಗ ಕಬ್ಬಿಣದ ಕೈ ಬಿಡಲಿಲ್ಲ. ದೂಮಣ್ಣ ಸುತ್ತಿಗೆ ತಂದು ಬಾರಿಸಿದ. ಎರಡು ಕಿಲೋಮೀಟರ್ ನೀರಿನ ಭಾರ ತಡೆಯುವ ಪೆಟ್ಟಿಗೆ ಅದು; ಸುತ್ತಿಗೆಯ ಹಿಡಿಯೇ ಮುರಿಯಿತು.

ಸೋಮವಾರ ಬೆಳಗಾಗುವಷ್ಟರಲ್ಲಿ ಸುದ್ದಿ ಬಂದರಿಗೆಲ್ಲ ಹಬ್ಬಿತ್ತು. ಮೀನುಗಾರರ ಸಂಘದ ನಾಲ್ಕು ಹಿರಿಯರು ಗಂಭೀರ ಮುಖ ಹೊತ್ತು ಬಂದು, ಸಮುದ್ರದ ಸ್ಥಾಪಕರನ್ನು ಕಾಣಬೇಕಿತ್ತು, ಈ ಸಲ ಬಂಗುಡೆ ತೀರ ಕಡಿಮೆ, ಅವರಲ್ಲೇ ಕೇಳೋಣ ಅಂತ ಬಂದೆವು ಎಂದರು. ಅವರ ಹಿಂದೆಯೇ ಒಂದು ಕಲಾಸಂಘದವರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಸನ್ಮಾನಕ್ಕೆಂದು ಬಂದರು. ಇವರು ಮಾತ್ರ ನಿಜಕ್ಕೂ ನಂಬಿದ್ದರು. ಸೋಮಯಾಜಿಯವರು ಕಟ್ಟಡದ ಹಿಂದಿನ ಹಳೆಯ ಐಸ್ ರೂಮಿಗೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡರು. ಕೋಣೆಯನ್ನು ಈಗಲೂ ಕೆಸರಿನ ಮಾದರಿ ಇಡಲೆಂದು ತಣ್ಣಗೆ ಇಟ್ಟಿರುತ್ತಾರೆ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎತ್ತಲಿಕ್ಕೆ ಸುಗುಣಾಳೇ ಗತಿ. ಆ ಫೋನಿನ ಕಿವಿಯ ತುಂಡು ಹಿಂದೆಯೇ ಕೆದ್ಲಾಯರ ಯಾವುದೋ ಯಂತ್ರದ ಪಾಲಾಗಿದ್ದರಿಂದ ಸ್ಪೀಕರಿನಲ್ಲಿಯೇ ಮಾತಾಡಬೇಕು. ಯಂತ್ರದ ಕುತ್ತಿಗೆ ಮೆಲ್ಲಗೆ ಅತ್ತ ತಿರುಗಿತು.

"ನಾನು ರುಕ್ಮಿಣಿ ಸೆಟ್ಲೂರ್" ಎಂದಿತು ಧ್ವನಿ, ಮೈಸೂರು ಕಡೆಯ ಕನ್ನಡದಲ್ಲಿ. "ನಿಮ್ಮ ವೆಬ್‌ಸೈಟ್ ನೋಡ್ತಾ ಇದೀನಿ. ಅರಬ್ಬೀ ಸಮುದ್ರ ಸ್ಥಾಪನೆ ಮಾಡಿದವರು ಇದಾರಾ?"

"ಇದ್ದಾರೆ ಮೇಡಂ. ಐಸ್ ರೂಮಿನಲ್ಲಿದ್ದಾರೆ."

ಸೆಟ್ಲೂರರು, ಇದೆಲ್ಲ ಏನೆಂದು ನಾನು ಕೇಳುವುದಿಲ್ಲ, ಕೇಳಿದರೆ ನನಗೆ ತಲೆನೋವು ಬರುತ್ತದೆ, ಆ ಕಪ್ಪೆಚಿಪ್ಪಿನ ಜಾಗದ ಕೆಲಸ ನಿಜವೋ ಸುಳ್ಳೋ ಅಷ್ಟು ಹೇಳಿ, ನೀವೇನು ಮಾಡಿದಿರಿ ಎಂದು ಕೇಳಿದರು.

"ಅಂಥ ದೊಡ್ಡದೇನಲ್ಲ ಮೇಡಂ" ಎಂದಳು ಸುಗುಣಾ.

"ಛೆ ಛೆ, ಹಾಗನ್ನಬೇಡಿ" ಎಂದಿತು ಯಂತ್ರ.

"ಇದೇನ್ರೀ, ಈಗ ತಾನೇ ನನ್ನ ಕಣ್ಣೆದುರಿಗೇ ನಿಮ್ಮ ಚಿಪ್ಪು ಬಸ್ಸಿನಿಂದ ಹಡಗಾಯ್ತು!"

ಅಯ್ಯೋ ಅದು ಯಂತ್ರದ್ದು ಮೇಡಂ, ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ ಎಂದಳು. ಚಿಪ್ಪು ದ್ವೀಪವಾಯಿತು. ಕೆದ್ಲಾಯರು ಓಡಿ ಬಂದು ಎರಡೂ ಕೈಯಿಂದ ಮೈಕು ಮುಚ್ಚಲು ಹೋದರು. ಕಬ್ಬಿಣದ ಕೈ ಅವರ ಗಲ್ಲ ಹಿಡಿದು ಪಕ್ಕಕ್ಕೆ ಕೂರಿಸಿತು. ಸೆಟ್ಲೂರರ ಸ್ವರ ಗಟ್ಟಿಯಾಯಿತು. ಹಡಗಿಗೆ ಇನ್ನೊಂದು ಲ್ಯಾಬಿನವರು ಕಾಯುತ್ತಾ ಇದ್ದಾರೆ, ನಿಮಗೆ ಹೇಳಲಿಕ್ಕೆ ಏನೂ ಇಲ್ಲವಾದರೆ ಅವರಿಗೇ ಕೊಟ್ಟುಬಿಡುತ್ತೇನೆ ಎಂದರು.

ಸುಗುಣಾ ತಲೆ ಎತ್ತಿದಳು. ಎದುರಿಗೆ ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಮುಳುಗಪ್ಪ ಆ ಬೆಳಿಗ್ಗೆ ಕಳಿಸಿದ 'ಇದ್ದೇನೆ' ಹಾಗೆಯೇ ಇತ್ತು. ಅಷ್ಟು ಕತ್ತಲಲ್ಲಿ ಒಬ್ಬನೇ ಕೂತು, ತನ್ನನ್ನು ಕಟ್ಟಿದವಳು ಬಂದು ಕರೆದುಕೊಂಡು ಹೋಗುತ್ತಾಳೆಂದು ನಂಬಿ ದಿನ ದೂಡುತ್ತಿರುವವನು. ಅವನಿಗೆ ನಂಬಿಕೆ ಎಂದೆಲ್ಲ ಇರುವುದಿಲ್ಲ, ಅವನು ಬರೀ ತಗಡು ಮತ್ತು ತಂತಿ ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಕಣ್ಣು ತುಂಬಿ ಬಂತು. ಇವನನ್ನು ಅಲ್ಲಿ ಬಿಟ್ಟು, ನಾನು ವಿನಯ ಇಟ್ಟುಕೊಂಡು ಮಾಡುವುದೇನು ಎಂದು ತನ್ನ ಮೇಲೆಯೇ ಸಿಟ್ಟೂ ಬಂತು. ಆ ಸಿಟ್ಟಿನಲ್ಲಿಯೇ ಬಾಯಿ ತೆರೆದಳು.

"ನಿಜ ಮೇಡಂ. ಆ ಜಾಗ ಕಂಡುಹಿಡಿದದ್ದು ನಾನು."

ಯಂತ್ರದ ಕುತ್ತಿಗೆ ಮುಂದಕ್ಕೆ ಬಂತು. ಛೆ ಛೆ ಎಂಬ ಮಾತು ಬರಲಿಲ್ಲ.

"ಅಲ್ಲಿ ಏನೂ ಇರ್ಲಿಕ್ಕಿಲ್ಲ, ಬರೀ ಕೆಸರು ಅಂತ ಎಲ್ಲರೂ ಹೇಳಿದರು. ನಾನು ಬಿಡ್ಲಿಲ್ಲ. ವರ್ಷಗಟ್ಟಲೆ ಕೆಸರು ತೆಗೆದು ತೆಗೆದು ನೋಡಿದೆ. ಆ ಮರುವಾಯಿಗಳನ್ನು ಮೊದಲು ಕಂಡವಳು ನಾನೇ. ಬೆರಳುದ್ದ ಉಂಟು, ಅದಕ್ಕಿಂತ ದೊಡ್ಡದಿಲ್ಲ. ಮುಳುಗಪ್ಪನನ್ನು ಕಟ್ಟಿದ್ದೂ ನಾನೇ. ಎರಡು ಕಿಲೋಮೀಟರ್ ಆಳ. ಅದು ತುಂಬಾ ಆಳ ಮೇಡಂ. ನಾನು ಒಳ್ಳೆ ಕೆಲಸ ಮಾಡಿದ್ದೇನೆ. ನನಗೆ ಹಡಗು ಬೇಕು."

ಹೇಳಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಬೆವತು ಹೋಯಿತು. ಯಂತ್ರ ಸ್ವಲ್ಪ ಹೊತ್ತು ಕಾದು, ಉಪಚಾರ ಮಾಡಲು ಏನೂ ಸಿಗದೆ, "ಸರಿ" ಎಂದಿತು. ಊಟ ಮುಗಿಯಿತು ಎಂದು ಅತಿಥಿ ನೇರವಾಗಿ ಹೇಳಿದ ಮೇಲೆ ಎಲೆ ತೆಗೆದು ಹೊಸ ಪಂಕ್ತಿಗೆ ಹೊಸ ಎಲೆ ಹಾಸುತ್ತಾರಲ್ಲ, ಅದನ್ನೂ ಅದು ಉಪನಯನದಲ್ಲಿ ನೋಡಿತ್ತು. ದ್ವೀಪದಂಥ ಚಿಪ್ಪು, ಭೂಮಿ ತೂರಿ ಹೋದ ಬಾಣ ಎಲ್ಲ ಒಂದೇ ಏಟಿಗೆ ಅಳಿದು, ಅವಳು ಹೇಳಿದ ಮಾತಷ್ಟೇ ಸ್ವಚ್ಛ ಪುಟದಲ್ಲಿ ಮೂಡಿತು.

"ಇಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದರು ಸೆಟ್ಲೂರರು. "ಉಳಿದವರದ್ದೂ ಸಂಜೆಯೊಳಗೆ ಹೀಗೇ ಸರಿ ಮಾಡಿಸಿ. ಮಳೆ ನಿಂತ ಮೇಲೆ ಹಡಗು ನಿಮ್ಮದು."

ಎಲ್ಲ ತಮ್ಮ ದೊಡ್ಡ ಮನಸ್ಸು ಎಂಬ ಮಾತು ಸುಗುಣಾಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ನಾವು ಚೆನ್ನಾಗಿ ಮಾಡ್ತೇವೆ ಮೇಡಂ ಎಂದಷ್ಟೇ ಹೇಳಿ ಫೋನಿಟ್ಟು, ಕುರ್ಚಿಯಲ್ಲಿ ಕುಸಿದು ಕೂತು, ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ಉಳಿದವರ ಪಾಡು ಕೇಳಬೇಡಿ! ಐಸ್ ರೂಮಿನಿಂದ ತೆಗೆದ ಸೋಮಯಾಜಿಯವರು ಸನ್ಮಾನಕ್ಕೆ ಬಂದ ಶಾಲನ್ನೇ ಚಳಿಗೆ ಹೊದ್ದುಕೊಂಡು ಕೂತರು. ನಾನು ಅಷ್ಟು ಕೆಟ್ಟ ನಿರ್ದೇಶಕನಲ್ಲ ಎಂದು ಸುರುಮಾಡಿದರು. ಛೆ ಛೆ ಎಂದಿತು ಯಂತ್ರ. ನೀರು ಕುಡಿದು, ಕಣ್ಣು ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೊನೆಗೂ ಹೇಳಿದರು: ನಾನು ಒಳ್ಳೆಯ ನಿರ್ದೇಶಕ, ಅನುದಾನವೇ ಬಾರದ ವರ್ಷವೂ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಅದು ನಿಜವಾಗಿತ್ತು, ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ದೂಮಣ್ಣ ನೆಲ ನೋಡುತ್ತಾ, ನನ್ನ ಕೈಯಲ್ಲಿ ಈವರೆಗೆ ಒಂದು ಹಗ್ಗವೂ ಹರಿದಿಲ್ಲ ಎಂದ. ಕೆದ್ಲಾಯರಿಗೆ ಮಾತ್ರ ಒಮ್ಮೆ ಬಾಯಿ ಬಿಚ್ಚಿದ ಮೇಲೆ ಕಷ್ಟವೇ ಆಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೂ ಅವರು ಇನ್ನೂ ತಮ್ಮ ಕಾಲೇಜಿನ ದಿನಗಳಲ್ಲೇ ಇದ್ದರು. ಕೊನೆಗೆ ಯಂತ್ರವೇ ಕಬ್ಬಿಣದ ಕೈಯನ್ನು ತನ್ನ ಮೈಕಿಗೆ ಅಡ್ಡ ಹಿಡಿದುಕೊಂಡಿತು.

ಮಳೆ ನಿಂತಿತು, ಹಡಗು ಬಂತು. ದೂಮಣ್ಣನ ಹಗ್ಗ ಈ ಸಲವೂ ಹರಿಯಲಿಲ್ಲ. ಮೈಯೆಲ್ಲ ಕೆಸರು ಮೆತ್ತಿಕೊಂಡು, ಕೊಳೆತ ಮೊಟ್ಟೆಯ ವಾಸನೆ ಬೀರುತ್ತಾ ಮುಳುಗಪ್ಪ ನೀರಿನಿಂದ ಎದ್ದಾಗ ಸುಗುಣಾ ಹಿಂದೆ ಮುಂದೆ ನೋಡದೆ ಅವನನ್ನು ತಬ್ಬಿಕೊಂಡಳು. ಅವನ ಹೊಟ್ಟೆಯಲ್ಲಿ ವರ್ಷದ ಚಿತ್ರಗಳೆಲ್ಲ ಕ್ಷೇಮವಾಗಿದ್ದವು. ಮರುವಾಯಿಗಳಿಗೆ ಮರಿಗಳೂ ಆಗಿದ್ದವು. ವೆಬ್‌ಸೈಟಿನಲ್ಲಿ ಡಾಲ್ಫಿನ್ ಇದ್ದ ಜಾಗಕ್ಕೆ ಈಗ ಅವೇ ಬಂದಿವೆ. ಮುಳುಗಪ್ಪನಿಗೆ ಹೊಸ ಬ್ಯಾಟರಿ ಹಾಕಿ, ಮುಖ ತೊಳೆಸಿ, ಮತ್ತೆ ಅದೇ ಜಾಗಕ್ಕೆ ಇಳಿಸಿದರು.

ಇಳಿಸುವ ಮೊದಲು ಕೆದ್ಲಾಯರು ಯಾರಿಗೂ ಹೇಳದೆ, ದಡದಲ್ಲಿ 'ಇದ್ದೇನೆ' ಕೇಳಿಸಿಕೊಳ್ಳುವ ಉಪಕರಣಕ್ಕೆ ಒಂದು ತಂತಿ ಎಳೆದು ಪರಿಚಯಿಯನ್ನು ಮುಳುಗಪ್ಪನ ಕಿವಿಗೆ ಜೋಡಿಸಿದ್ದರು, ತಂಡದ ಪುಟದಲ್ಲಿ ಯಾರೂ ಬಿಟ್ಟುಹೋಗಬಾರದು ಎಂದು. ಎರಡು ಕಿಲೋಮೀಟರ್ ಆಳದ ಕತ್ತಲಲ್ಲಿ, ಮುಳುಗಪ್ಪನ ಬಾಯಿಂದ ಯಂತ್ರ ಬಿಳಿ ಮರುವಾಯಿಯನ್ನು ಕೇಳಿತು, ತಾವು ಮಾಡಿದ ಕೆಲಸ? ಮರುವಾಯಿ ಮಾತಾಡಲಿಲ್ಲ. ಇಷ್ಟು ವಿನಯವಂತರನ್ನು ಯಂತ್ರ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಛೆ ಛೆ ಎಂದು ನಾಲ್ಕು ಮಾತು ಹೊಗಳಿತು. ಮತ್ತೂ ಮೌನ. ಇನ್ನೆಂಟು ಮಾತು ಹೊಗಳಿತು. ಎಲೆಗೆ ಅಡ್ಡ ಹಿಡಿಯಲು ಅದಕ್ಕೆ ಕೈಗಳೂ ಇಲ್ಲ!

ಈಗ ಆ ವೆಬ್‌ಸೈಟಿನ ತಂಡದ ಪುಟದಲ್ಲಿ ಎಲ್ಲರಿಗಿಂತ ಮೇಲೆ ಮರುವಾಯಿಯ ಪರಿಚಯವಿದೆ. ಅದು ಹಗಲಿರುಳು ಬೆಳೆಯುತ್ತಲೇ ಇದೆ. ಕೆಳಗಿರುವ ನಿರ್ದೇಶಕರವರೆಗೆ ತಲುಪಿದವರು ಈವರೆಗೆ ಯಾರೂ ಇಲ್ಲ. ತಂತಿ ಕತ್ತರಿಸಿಬಿಡಲೇ ಎಂದು ಕೆದ್ಲಾಯರು ಸುಗುಣಾಳನ್ನು ಕೇಳಿದರು. ಬೇಡ ಎಂದಳು, ಈ ಸಲ ನಿಜವಾಗಿಯೂ ಬೇಡ ಎಂದೇ. ದಿನಾ ಬೆಳಿಗ್ಗೆ ಚಹಾದ ಜೊತೆ ಕೂತು ಅದನ್ನು ಮೊದಲಿನಿಂದ ಓದುತ್ತಾ ಬಂದಿದ್ದಾಳೆ. ಅದರಲ್ಲಿ ಹೆಚ್ಚಾಯಿತು ಅನ್ನಿಸುವ ಮಾತು ಅವಳಿಗೆ ಇನ್ನೂ ಒಂದೂ ಸಿಕ್ಕಿಲ್ಲವಂತೆ.